ನಲವತ್ತೇಳರ ಗುಳಿ

ಹದಿನಾಲ್ಕು ವರ್ಷ ನಾನು ಸೊಂಟದ ಕೀಲು ಮಾರಿಕೊಂಡು ಬದುಕಿದೆ. ಹೀಗೆ ಹೇಳಿದರೆ ಈಗಲೂ ಕೆಲವರು ನಗುತ್ತಾರೆ. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮೂರು ಬಣಕಲ್‌ನಲ್ಲಿ ನಾನು ಬಸ್ಸಿಳಿದರೆ ಸಾಕು, ಹೋಟೆಲಿನಲ್ಲಿ ಕೂತವರು "ಮೂಳೆ ವ್ಯಾಪಾರ ಹೆಂಗಿದೆ ಮಾರಾಯ?" ಎಂದು ಕಾಲೆಳೆಯುತ್ತಿದ್ದರು. "ನೀವು ಯಾವಾಗ ಬೀಳ್ತೀರಿ ಹೇಳಿ, ನಿಮ್ಮ ಸೈಜು ತೆಗೆದಿಡ್ತೀನಿ" ಎಂದು ನಾನೂ ಬಿಡುತ್ತಿರಲಿಲ್ಲ.

ಕೆಲಸ ಏನೆಂದು ಸರಳವಾಗಿ ಹೇಳುತ್ತೇನೆ. ತೊಡೆಯ ಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇರುತ್ತದೆ, ಅದು ಸೊಂಟದ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ವಯಸ್ಸಾದವರು ಜಾರಿ ಬಿದ್ದರೆ ಗುಂಡಿನ ಕುತ್ತಿಗೆ ಮುರಿಯುತ್ತದೆ. ಡಾಕ್ಟರು ಮುರಿದ ಗುಂಡನ್ನು ತೆಗೆದು ಆ ಜಾಗಕ್ಕೆ ಉಕ್ಕಿನ ಗುಂಡು ಕೂರಿಸುತ್ತಾರೆ. ಆ ಉಕ್ಕಿನ ಗುಂಡು ಮಾಡುತ್ತಿದ್ದ ಒಂದು ಕಂಪನಿಗೆ ನಾನು ಚಿಕ್ಕಮಗಳೂರು ಜಿಲ್ಲೆಯ ರೆಪ್, ಅಂದರೆ ಮಾರಾಟ ಪ್ರತಿನಿಧಿ. ಮನುಷ್ಯರು ಜಾರಿ ಬೀಳುವುದಕ್ಕೆ ನಮ್ಮ ಕಡೆ ಜಾಗಕ್ಕೇನೂ ಬರವಿರಲಿಲ್ಲ.

ಗುಂಡುಗಳ ಪೆಟ್ಟಿಗೆಯೇ ನನ್ನ ಅನ್ನ. ಉಕ್ಕಿನ ಪೆಟ್ಟಿಗೆ, ಒಳಗೆ ಸಾಲಾಗಿ ಗುಳಿಗಳು, ಪ್ರತಿ ಗುಳಿಯ ಕೆಳಗೆ ಒಂದು ನಂಬರು: ಮೂವತ್ತೊಂಬತ್ತು, ನಲವತ್ತೊಂದು, ನಲವತ್ತಮೂರು, ಹೀಗೆ ಎರಡೆರಡು ಮಿಲಿಮೀಟರ್ ಏರುತ್ತ ಹೋಗುತ್ತಿತ್ತು. ಮುರಿದ ಗುಂಡು ಹೊರಗೆ ಬಂದ ಮೇಲೆಯೇ ಅದರ ನಿಜವಾದ ಅಳತೆ ಗೊತ್ತಾಗುವುದು. ಆದ್ದರಿಂದ ಯಾವ ಸೈಜು ಬೇಕೆಂದು ಮೊದಲೇ ಕೇಳಿಕೊಂಡು ಒಂದನ್ನೇ ತರುವಂತಿಲ್ಲ. ಪೂರ್ತಿ ಪೆಟ್ಟಿಗೆ ಹಿಂದಿನ ದಿನವೇ ಆಸ್ಪತ್ರೆಗೆ ಹೋಗಬೇಕು, ಹಬೆಯಲ್ಲಿ ಶುದ್ಧವಾಗಬೇಕು, ಆಪರೇಷನ್ ಹೊತ್ತಿಗೆ ರೆಪ್ ಕೂಡ ಹಸಿರು ಬಟ್ಟೆ ತೊಟ್ಟು ಥಿಯೇಟರಿನ ಮೂಲೆಯಲ್ಲಿ ನಿಂತಿರಬೇಕು. ಬಳಸಿದ ಸೈಜನ್ನು ಕಂಪನಿ ವಾರದೊಳಗೆ ಬಸ್ಸಿಗೆ ಹಾಕಿ ಕಳಿಸುತ್ತಿತ್ತು. ಕಂಡಕ್ಟರು ಕೊಟ್ಟ ಪೊಟ್ಟಣ ಬಿಚ್ಚಿ ಖಾಲಿ ಗುಳಿಗೆ ಕೂರಿಸಿದರೆ ಪೆಟ್ಟಿಗೆ ಮತ್ತೆ ತುಂಬಿತು.

ಮೊದಲ ಐದಾರು ವರ್ಷ ನನ್ನನ್ನು ಹಿಡಿಯುವವರೇ ಇರಲಿಲ್ಲ. ಜಿಲ್ಲೆಯಲ್ಲಿ ಸೊಂಟದ ಆಪರೇಷನ್ ಎಂದರೆ ನಮ್ಮ ಪೆಟ್ಟಿಗೆ. ಆಮೇಲೆ ಹೊರದೇಶದ ಕಂಪನಿಯೊಂದು ಬಂತು. ಅದರ ರೆಪ್ ಹಾಸನದ ಕಡೆಯವನು, ಚಿಕ್ಕಮಗಳೂರಿನಲ್ಲೇ ಮನೆ ಮಾಡಿದ. ಅವರ ಗುಂಡಿನೊಳಗೆ ಇನ್ನೊಂದು ಗುಂಡು, ಎರಡೂ ತಿರುಗುತ್ತವೆ, ಬಟ್ಟಲು ಸವೆಯುವುದಿಲ್ಲ ಎಂದು ಅವನು ಡಾಕ್ಟರರಿಗೆ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ಒಳ್ಳೆಯ ಮಾಲು, ಸುಳ್ಳೇಕೆ ಹೇಳಲಿ. ನಾನು ನಮ್ಮ ಹೆಡ್ ಆಫೀಸಿಗೆ ಪತ್ರ ಬರೆದೆ, ನಾವೂ ಅಂಥದ್ದು ಮಾಡಬೇಕು ಎಂದೆ. ಅವರು ನಮ್ಮ ಹಳೆಯ ಗುಂಡಿನದೇ ಹೊಸ ಕ್ಯಾಲೆಂಡರ್ ಕಳಿಸಿದರು. ಒಬ್ಬೊಬ್ಬರೇ ಡಾಕ್ಟರು ಆ ಕಡೆ ಹೋದರು. ಹೋಗುವಾಗ ಎಲ್ಲರೂ ನನ್ನ ಬೆನ್ನು ತಟ್ಟಿಯೇ ಹೋದರು, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ಮಾರಾಟ ಕುಸಿದ ಹಾಗೆ ಕಾರ್ಖಾನೆ ಕೆಲಸವನ್ನೂ ಕಡಿಮೆ ಮಾಡಿತು. ಹೆಚ್ಚು ಖರ್ಚಾಗುವ ಮಧ್ಯದ ಸೈಜುಗಳೇ ಸಿಗದೆ ಹೋದವು. ಫೋನ್ ಮಾಡಿದರೆ "ನಾಳಿನ ಬಸ್ಸಿಗೆ ಹಾಕ್ತೀವಿ" ಎನ್ನುವುದು, ಆ ನಾಳೆ ಬಾರದೇ ಇರುವುದು. ಆಗ ನಾವು ರೆಪ್‌ಗಳು ಒಂದು ಉಪಾಯ ಕಂಡುಕೊಂಡೆವು. ಅದಕ್ಕೆ ನಮ್ಮ ನಮ್ಮಲ್ಲಿ 'ಹಲ್ಲು ಕಟ್ಟಿಸೋದು' ಎನ್ನುತ್ತಿದ್ದೆವು. ಖಾಲಿಯಾದ ಗುಳಿಯಲ್ಲಿ ಹೆಚ್ಚಿಗೆ ಬಿದ್ದಿರುವ ಬೇರೊಂದು ಸೈಜಿನ ಗುಂಡು ಇಟ್ಟುಬಿಡುವುದು. ಮುಚ್ಚಳ ತೆಗೆದಾಗ ಡಾಕ್ಟರ ಕಣ್ಣಿಗೆ ಪೆಟ್ಟಿಗೆ ತುಂಬಿದಂತೆ ಕಾಣಬೇಕು, ಅಷ್ಟೆ. ಖಾಲಿ ಗುಳಿ ಕಂಡರೆ ಅವತ್ತೇ ನಮ್ಮ ಕಥೆ ಮುಗಿಯಿತು. ಆ ಸೈಜೇ ಬೇಕಾಗಿ ಬಂದರೆ ಏನು ಮಾಡುವುದು ಎಂದು ನಾವು ಯಾರೂ ಜೋರಾಗಿ ಕೇಳಿಕೊಳ್ಳುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಇಡೀ ಜಿಲ್ಲೆಯಲ್ಲಿ ನನಗೆ ಉಳಿದವರು ಒಬ್ಬರೇ ಡಾಕ್ಟರು. ಚಿಕ್ಕಮಗಳೂರಿನಲ್ಲಿ ಅವರದು ಸಣ್ಣ ನರ್ಸಿಂಗ್ ಹೋಂ. ನಿಧಾನದ ಕೈ, ಕಡಿಮೆ ಮಾತು. "ನೂರಾರು ಹಾಕಿದೀನಿ, ನಿಮ್ಮ ಗುಂಡು ನನ್ನ ಕೈಗೆ ಹೊಂದಿದೆ ಕಣ್ರೀ" ಎನ್ನುತ್ತಿದ್ದರು. ಅವರೂ ಕೈಬಿಟ್ಟರೆ ಜಿಲ್ಲೆಯಲ್ಲಿ ನಮ್ಮ ಕಂಪನಿ ಇಲ್ಲ, ಕಂಪನಿ ಇಲ್ಲದಿದ್ದರೆ ನಾನಿಲ್ಲ.

ಆ ವರ್ಷದ ಕೊಯ್ಲಿನ ಸಮಯದಲ್ಲಿ ಮಲ್ಲಂದೂರಿನ ಕಾಫಿ ಎಸ್ಟೇಟ್ ಒಂದರ ರೈಟರು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿಯ ಬಳಿ ಲೋಳೆಯ ಮೇಲೆ ಕಾಲಿಟ್ಟು ಬಿದ್ದರು. ಅರವತ್ತು ದಾಟಿದ ಮನುಷ್ಯ, ಬಡಕಲು ದೇಹ, ಮೂವತ್ತು ವರ್ಷದಿಂದ ಅದೇ ಎಸ್ಟೇಟ್. ರೈಟರ ಕೆಲಸವೆಂದರೆ ಬರಿಯ ಬರವಣಿಗೆಯಲ್ಲ. ಬೆಳಗ್ಗೆ ಆಳುಗಳ ಹಾಜರಿ ಹಿಡಿದು ಆಮೇಲೆ ತೋಟದ ಒಂದು ಬ್ಲಾಕಿನಿಂದ ಇನ್ನೊಂದು ಬ್ಲಾಕಿಗೆ ಗುಡ್ಡ ಹತ್ತಿ ಇಳಿಯಬೇಕು. ಆಪರೇಷನ್ನಿನ ಹಿಂದಿನ ದಿನ ಪೆಟ್ಟಿಗೆ ಕೊಡಲು ಹೋದಾಗ ವಾರ್ಡಿನಲ್ಲಿ ಅವರನ್ನು ಮಾತಾಡಿಸಿದೆ. ನಾನು ಕಂಪನಿಯವನು ಎಂದು ತಿಳಿದದ್ದೇ ನನ್ನ ಕೈ ಹಿಡಿದುಕೊಂಡರು.

"ಬ್ಲಾಕಿಗೆ ಹೋಗೋಕಾಗುತ್ತಾ ಮಾರಾಯ್ರೆ? ಅದೊಂದು ಹೇಳಿ. ಕಣದಲ್ಲಿ ಕೂತು ಕಾಗೆ ಓಡ್ಸೋ ಜಾತಿಯಲ್ಲ ನಾನು."

"ಮುಂದಿನ ಕೊಯ್ಲಿಗೆ ನೀವೇ ಮುಂದೆ, ಆಳುಗಳು ಹಿಂದೆ" ಎಂದೆ. ಹಾಗೆ ಹೇಳಲು ನಾನು ಡಾಕ್ಟರಲ್ಲ. ಆದರೂ ಹೇಳಿದೆ.

ಅವತ್ತು ನನ್ನ ಪೆಟ್ಟಿಗೆಯಲ್ಲಿ ನಲವತ್ತೇಳು ಇರಲಿಲ್ಲ. ಎರಡು ವಾರದಿಂದ ಕೇಳುತ್ತಿದ್ದೆ. ಶಿವಮೊಗ್ಗದ ನಮ್ಮ ರೆಪ್ ಕೆಲಸ ಬಿಟ್ಟಾಗ ಅವನ ಪೆಟ್ಟಿಗೆಯಿಂದ ಉಳಿದ ಒಂದು ನಲವತ್ತೈದು ನನ್ನ ಬಳಿ ಹೆಚ್ಚಿಗೆ ಇತ್ತು, ಅದನ್ನು ನಲವತ್ತೇಳರ ಗುಳಿಯಲ್ಲಿ ಕೂರಿಸಿದ್ದೆ. ಎರಡು ಮಿಲಿಮೀಟರ್ ವ್ಯತ್ಯಾಸ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅವತ್ತು ಸಂಜೆ ಬೆಂಗಳೂರಿನ ನಮ್ಮ ಕಾರ್ಖಾನೆಯವರು ಖಂಡಿತ ಕಳಿಸುತ್ತೇವೆ ಎಂದಿದ್ದರು. ಬೆಳಗ್ಗೆ ಏಳಕ್ಕೆ ಬಸ್ಸು, ಆಪರೇಷನ್ ಹನ್ನೊಂದಕ್ಕೆ. ಪೊಟ್ಟಣ ತಂದು ಸಿಸ್ಟರ್ ಕೈಗೆ ಕೊಟ್ಟರೆ ಬೇರೆಯಾಗಿ ಶುದ್ಧ ಮಾಡಿ ಇಡುತ್ತಾರೆ, ಯಾರಿಗೂ ತೊಂದರೆ ಇಲ್ಲ ಎಂದು ಲೆಕ್ಕ ಹಾಕಿದ್ದೆ.

ಬೆಳಗ್ಗೆ ಬಸ್ಸು ಬಂತು. ಕಂಡಕ್ಟರು ಡ್ರೈವರ್ ಸೀಟಿನ ಹಿಂದೆ ನೋಡಿದ, ಮೇಲಿನ ಹಲಗೆ ನೋಡಿದ. "ಇಲ್ಲ ಸಾರ್, ಏನೂ ಕೊಟ್ಟಿಲ್ಲ" ಎಂದ. ಎಂಟಕ್ಕೆ ಇನ್ನೊಂದು ಬಸ್ಸು ಬಂತು. ಅದರಲ್ಲೂ ಇಲ್ಲ. ಒಂಬತ್ತೂವರೆಯವರೆಗೆ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದೆ. ಹಾಸನದ ರೆಪ್ಪಿನ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ, ಅವನ ಪೆಟ್ಟಿಗೆಯಲ್ಲಿ ಎಲ್ಲ ಸೈಜೂ ಇರುತ್ತಿತ್ತು. ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಅವರು ಒಂದು ಫೋನ್ ಮಾಡುತ್ತಿದ್ದರು, ರೈಟರಿಗೆ ಸರಿಯಾದ ಗುಂಡು ಸಿಗುತ್ತಿತ್ತು. ನನ್ನ ಕೈತಪ್ಪಿ ಹೋಗುವುದು ಆ ಕೊನೆಯ ಡಾಕ್ಟರು ಮಾತ್ರ. ರೈಟರದು ನಲವತ್ತೇಳೇ ಆಗಬೇಕೆಂದೇನಿದೆ, ಅಷ್ಟು ಬಡಕಲು ಮನುಷ್ಯ, ನಲವತ್ತಮೂರೋ ನಲವತ್ತೈದೋ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಥಿಯೇಟರಿಗೆ ಹೋದೆ.

ಮುರಿದ ಗುಂಡು ಹೊರಬಂತು. ಡಾಕ್ಟರು ಗೇಜು ಹಿಡಿದು ಅಳೆದರು.

"ನಲವತ್ತೇಳು" ಎಂದರು.

ಸಿಸ್ಟರ್ ನಲವತ್ತೇಳರ ಗುಳಿಗೆ ಕೈ ಹಾಕಿದರು. ಗುಂಡಿನ ಮೇಲೂ ನಂಬರು ಕೊರೆದಿರುತ್ತಿತ್ತು, ಆದರೆ ಕುತ್ತಿಗೆಯ ಕೆಳಗೆ, ತೀರಾ ಸಣ್ಣಗೆ. ಅದನ್ನು ಯಾರೂ ಓದುತ್ತಿರಲಿಲ್ಲ. ಗುಳಿಯ ನಂಬರೇ ಗುಂಡಿನ ನಂಬರು ಎಂದು ಎಲ್ಲರೂ ತಿಳಿದಿದ್ದರು, ಹಾಗೆ ಅಭ್ಯಾಸ ಮಾಡಿಸಿದವರೂ ನಾವೇ. ಗುಂಡು ಸಿಸ್ಟರ್ ಕೈಯಿಂದ ಡಾಕ್ಟರ ಕೈಗೆ ಹೋಯಿತು. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಕೂರಿಸುವ ಮೊದಲು ಡಾಕ್ಟರು ಒಂದು ಪರೀಕ್ಷೆ ಮಾಡುತ್ತಿದ್ದರು. ಗುಂಡನ್ನು ಬಟ್ಟಲಿನೊಳಗೆ ಒತ್ತಿ ಹೊರಗೆ ಎಳೆಯುವುದು. ಸರಿಯಾದ ಸೈಜಾದರೆ ಅದು ಹಿಡಿದುಕೊಳ್ಳುತ್ತದೆ, ಗದ್ದೆಯ ಕೆಸರಿನಿಂದ ಕಾಲು ಕಿತ್ತ ಹಾಗೆ ಸಣ್ಣ ಸದ್ದು ಮಾಡಿಕೊಂಡು ಬರುತ್ತದೆ. ಇದು ಸದ್ದಿಲ್ಲದೆ ಜಾರಿ ಬಂತು. ಅವರು ಇನ್ನೊಮ್ಮೆ ಒತ್ತಿದರು. ಮತ್ತೆ ಹಾಗೇ ಬಂತು.

"ಹಿಡಿತ ಬರ್ತಾ ಇಲ್ವಲ್ಲ" ಎಂದು ನನ್ನ ಕಡೆ ತಿರುಗಿದರು. "ಇದು ನಲವತ್ತೇಳೇ ತಾನೇ?"

"ಹೌದು ಸಾರ್."

ಎರಡೇ ಶಬ್ದ. ನನ್ನ ದನಿ ನಡುಗಲೂ ಇಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

"ನಾನೇ ತಪ್ಪು ಅಳೆದ್ನೇನೋ" ಎಂದು ಅವರು ಟ್ರೇಯಲ್ಲಿದ್ದ ಮೂಳೆಯ ಗುಂಡನ್ನು ಮತ್ತೆ ಅಳೆದರು. ನಲವತ್ತೇಳೇ ಬಂತು. ನಲವತ್ತೊಂಬತ್ತು ತರಿಸಿ ನೋಡಿದರು, ಅದು ಬಟ್ಟಲಿನೊಳಗೆ ಪೂರ್ತಿ ಇಳಿಯಲಿಲ್ಲ. "ಸರಿ, ಇದೇ ಆಗ್ಲಿ" ಎಂದು ಸುತ್ತಿಗೆ ಕೇಳಿದರು. ಗುಂಡಿನ ಕೆಳಗಿರುವ ಉಕ್ಕಿನ ಕಾಲು ತೊಡೆಮೂಳೆಯೊಳಗೆ ಇಳಿಯುವವರೆಗೆ ಅವರು ಹೊಡೆಯುತ್ತಲೇ ಇದ್ದರು. ಪ್ರತಿ ಏಟಿಗೂ ಈಗಲಾದರೂ ಹೇಳು ಎಂದು ಒಳಗೊಂದು ದನಿ ಕೂಗುತ್ತಿತ್ತು. ನಾನು ಗೋಡೆಯ ಟೈಲ್ಸ್ ನೋಡುತ್ತ ನಿಂತಿದ್ದೆ. ಸಿಸ್ಟರ್ ರಿಜಿಸ್ಟರಿನಲ್ಲಿ ನಲವತ್ತೇಳು ಎಂದು ಬರೆದರು.

ಎಕ್ಸ್‌ರೇ ಚೆನ್ನಾಗಿ ಬಂತು. ಒಂದೂವರೆ ತಿಂಗಳಿಗೆ ರೈಟರು ಕೋಲು ಹಿಡಿದು ನಡೆದರು ಎಂದು ಕೇಳಿ ನನಗೆ ಅಂದು ಚೆನ್ನಾಗಿ ನಿದ್ದೆ ಬಂತು. ಎರಡು ಮಿಲಿಮೀಟರ್ ಏನು ಮಹಾ ಎಂದು ಧೈರ್ಯವೂ ಬಂತು.

ಆಮೇಲೆ ಆಲ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರೈಟರೂ ಅವರ ಹೆಂಡತಿಯೂ ಸಿಕ್ಕರು. ರೈಟರು ಅಂಗಡಿಯ ಕಟ್ಟೆಯ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಸಮ ನೆಲದಲ್ಲಿ ಹೆಂಗೋ ನಡೀತೀನಿ. ಏರು ಹತ್ತೋಕೆ ಹೋದ್ರೆ ತೊಡೆಸಂದಿನಲ್ಲಿ ಕೊರೀತದೆ ಮಾರಾಯ್ರೆ. ಡಾಕ್ಟ್ರು ಫೋಟೋ ನೋಡಿ ಎಲ್ಲ ಸರಿ ಇದೆ ಅಂತಾರೆ."

"ಕೂತು ಕೂತು ಅಭ್ಯಾಸ ಆಗೋಗಿದೆ ಇವ್ರಿಗೆ" ಎಂದರು ಹೆಂಡತಿ. ಗಟ್ಟಿ ಹೆಂಗಸು, ಮುಖದಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. "ಸಾಹುಕಾರ್ರು ಎಷ್ಟು ದಿನ ಅಂತ ಕಾಯ್ತಾರೆ? ಹೊಸ ರೈಟ್ರನ್ನ ತಂದಿದಾರೆ. ಇವ್ರು ಕಣದಲ್ಲಿ ಪಾರ್ಚ್‌ಮೆಂಟ್ ಬೀಜ ಒಣಗೋದನ್ನ ಕಾಯ್ಕೊಂಡು ಕೂತಿರೋದು. ಆಳುಗಳೆಲ್ಲ ನಗ್ತಾವೆ. ಸೋಗು ಅಂತಾವೆ. ನೀವಾದ್ರೂ ಹೇಳಿ, ನಿಮ್ಮ ಕಂಪನಿದು ಹಾಕಿಸ್ಕೊಂಡೋರೆಲ್ಲ ನಡೀತಿಲ್ವಾ?"

ಇಬ್ಬರೂ ನನ್ನ ಮುಖ ನೋಡಿದರು. "ನಡೀತಾ ನಡೀತಾ ಸರಿ ಹೋಗುತ್ತೆ" ಎಂದೆ. "ನೋಡಿದ್ರಾ" ಎಂದರು ಹೆಂಡತಿ ಗಂಡನಿಗೆ. ರೈಟರು ತಲೆ ತಗ್ಗಿಸಿದರು. ನನ್ನ ಬಸ್ಸು ಅದಲ್ಲದಿದ್ದರೂ ಮೊದಲು ಬಂದ ಬಸ್ಸು ಹತ್ತಿಬಿಟ್ಟೆ.

ಇಷ್ಟೆಲ್ಲ ಮಾಡಿ ನಾನು ಉಳಿಸಿಕೊಂಡದ್ದೇನು? ಆ ಡಾಕ್ಟರು ಕೆಲವೇ ತಿಂಗಳಲ್ಲಿ ನನ್ನನ್ನು ಕರೆದು ಕೂರಿಸಿ, "ಇತ್ತೀಚೆಗೆ ನಿಮ್ಮದು ಹಾಕೋಕೆ ಧೈರ್ಯ ಬರಲ್ಲ ಕಣ್ರೀ. ತಪ್ಪು ನಿಮ್ಮದಲ್ಲ. ನನ್ನ ಕೈಯಲ್ಲೇ ಏನೋ ಹೆಚ್ಚುಕಮ್ಮಿ ಆಗ್ತಿದೆ ಅನ್ಸುತ್ತೆ" ಎಂದರು. ರೈಟರ ಕೇಸು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಅಲ್ಲೂ ನಾನು ಸುಮ್ಮನಿದ್ದೆ. ಅವರೂ ಹಾಸನದವನ ಕಡೆ ಹೋದರು. ವರ್ಷ ತಿರುಗುವುದರೊಳಗೆ ನಮ್ಮ ಕಂಪನಿ ಕೀಲುಗಳನ್ನು ಮಾಡುವುದನ್ನೇ ನಿಲ್ಲಿಸಿತು. ಪೆಟ್ಟಿಗೆ ವಾಪಸ್ ಕಳಿಸಿ ಎಂದು ಎರಡು ಸಾಲಿನ ಕಾಗದ ಬಂತು. ನಾನು ಔಷಧಿ ಅಂಗಡಿಗಳಿಗೆ ಬ್ಯಾಂಡೇಜು ಸರಬರಾಜು ಮಾಡುವ ಕೆಲಸಕ್ಕೆ ಸೇರಿದೆ.

ಹಾಸನದವನೂ ನಾನೂ ಮೊದಲಿನಿಂದಲೂ ಜಗಳವಾಡಿದವರಲ್ಲ. ಒಂದು ದಿನ ಮೂಡಿಗೆರೆಯಲ್ಲಿ ಸಿಕ್ಕಾಗ ಒಟ್ಟಿಗೆ ಕಾಫಿ ಕುಡಿದೆವು. ಮಾತಿನ ನಡುವೆ ಅವನು, "ಮಲ್ಲಂದೂರಿನ ಒಬ್ಬ ರೈಟರಿಗೆ ಗುರುವಾರ ಪೂರ್ತಿ ಕೀಲು ಬದಲಾಯಿಸ್ತಿದೀವಿ. ನಿಮ್ಮ ಹಳೇದು ತೆಗೀಬೇಕು, ಬಟ್ಟಲು ಸವೆದು ಹೋಗಿದೆ" ಎಂದ.

ನಾನು ಲೋಟ ಕೆಳಗಿಟ್ಟೆ. ಗುಂಡು ಹೊರಗೆ ಬರುತ್ತದೆ, ತೊಳೆಯುತ್ತಾರೆ, ಕುತ್ತಿಗೆಯ ಕೆಳಗಿನ ನಂಬರು ಯಾರಾದರೂ ಓದೇ ಓದುತ್ತಾರೆ. ನಾನು ಬುಧವಾರ ಡಾಕ್ಟರ ಬಳಿ ಹೋದೆ. ಪ್ರಾಮಾಣಿಕತೆ ಉಕ್ಕಿ ಹೋದದ್ದಲ್ಲ. ಸಿಕ್ಕಿಬೀಳುತ್ತೇನೆಂದು ಹೋದದ್ದು. ಒಳ್ಳೆಯವನೆಂದು ಯಾರೂ ತಿಳಿಯಬಾರದು ಎಂದು ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಡಾಕ್ಟರು ಏನೋ ಬರೆಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಪೆನ್ನು ಮುಚ್ಚಿದರು.

"ನಾನು ಕೇಳಿದೆ ನಿಮ್ಮನ್ನ."

"ಕೇಳಿದ್ರಿ ಸಾರ್. ನಾನು ಹೌದು ಅಂದೆ."

"ಒಂದೂವರೆ ವರ್ಷದಿಂದ ಆ ಮನುಷ್ಯ ನೋವು ಅಂತ ನನ್ನ ಮುಂದೆ ನಿಲ್ತಾನೆ. ಬಟ್ಟಲು ಸವೆದದ್ದು ಎಕ್ಸ್‌ರೇಯಲ್ಲಿ ಕಾಣೋವರೆಗೂ, ನೋವು ಬರೀ ನಿನ್ನ ಮನಸ್ಸಿನಲ್ಲಿದೆ ಅಂತ ಹೇಳಿ ಕಳಿಸ್ತಿದ್ದೆ ನಾನು." ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ನನಗೆ ಹೇಳಿ ಏನಾಗ್ಬೇಕು? ವಾರ್ಡಿನಲ್ಲಿದಾರೆ. ಹೋಗಿ ಅವರಿಗೆ ಹೇಳಿ."

ಮರುದಿನದ ಆಪರೇಷನ್ ಚೆನ್ನಾಗಿಯೇ ಆಯಿತು, ಆಮೇಲೆ ರೈಟರು ನೋವಿಲ್ಲದೆ ನಡೆದರು, ಆದರೆ ರೈಟರ ಕೆಲಸ ಅವರಿಗೆ ತಿರುಗಿ ಸಿಗಲಿಲ್ಲ. ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನನ್ನ ಮನಸ್ಸಿನಿಂದ ಹೋಗದೆ ನಿಂತಿರುವುದು ಆ ಬುಧವಾರ ವಾರ್ಡಿನಲ್ಲಿ ನಡೆದದ್ದು.

ಅವರು ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಇನ್ನೂ ಸೊರಗಿದ್ದರು. ಹೆಂಡತಿ ಬಿಸಿನೀರು ತರಲು ಹೋಗಿದ್ದರು. ಬೈಗಳಿಗೆ, ಬೇಕಾದರೆ ಒಂದು ಏಟಿಗೂ ತಯಾರಾಗಿ ನಾನು ಹೇಳಿದೆ. ಸೈಜು ಇರಲಿಲ್ಲ, ಸಣ್ಣದನ್ನು ಆ ಜಾಗದಲ್ಲಿಟ್ಟಿದ್ದೆ, ಡಾಕ್ಟರು ಕೇಳಿದಾಗ ಸುಳ್ಳು ಹೇಳಿದೆ, ಆಲ್ದೂರಿನಲ್ಲಿ ನಿಮಗೂ ಸುಳ್ಳು ಹೇಳಿದೆ ಎಂದೆ.

"ಎಷ್ಟು ಸಣ್ಣದು?"

"ಎರಡು ಮಿಲಿಮೀಟರ್."

ಹೆಬ್ಬೆರಳು ತೋರುಬೆರಳ ನಡುವೆ ಅಷ್ಟು ಸಂದಿ ಬಿಟ್ಟು ಹಿಡಿದು ನೋಡಿದರು. "ಬೀಜ ಜರಡಿ ಹಿಡಿಯುವಾಗ ಅಷ್ಟು ವ್ಯತ್ಯಾಸ ಬಂದ್ರೆ ಗ್ರೇಡೇ ಬೇರೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹಂಗಾದ್ರೆ ಮೊದಲಿಂದ್ಲೂ ನಂಗೆ ನೋವಿತ್ತು."

"ಇತ್ತು."

"ಸೋಗಲ್ಲ."

"ಅಲ್ಲ."

ಅವರು ಒಮ್ಮೆಗೇ ಮೊಣಕೈ ಊರಿ ಎದ್ದು ಬಾಗಿಲ ಕಡೆ ಕೂಗಿದರು. "ಏಯ್, ಬಾ ಇಲ್ಲಿ! ಬೇಗ ಬಾ! ಇವ್ರು ಎಂತ ಹೇಳ್ತಾರೆ ಕೇಳು!" ಹೆಂಡತಿ ಫ್ಲಾಸ್ಕ್ ಹಿಡಿದು ಗಾಬರಿಯಿಂದ ಬಂದರು. "ಹೇಳಿ ಅವಳಿಗೆ" ಎಂದರು ರೈಟರು. ನಾನು ಮತ್ತೆ ಹೇಳಿದೆ. ಮೊದಲ ಸಲಕ್ಕಿಂತ ಎರಡನೇ ಸಲ ಹೇಳುವುದು ಕಷ್ಟವಾಯಿತು. ಆಕೆ ನನ್ನ ಕಡೆ ನೋಡಲೇ ಇಲ್ಲ. ಫ್ಲಾಸ್ಕ್ ಕೆಳಗಿಟ್ಟು, ಹೊದಿಕೆಯ ಮೇಲಿಂದಲೇ ಗಂಡನ ತೊಡೆಯ ಮೇಲೆ ಕೈ ಇಟ್ಟು, "ಎಷ್ಟು ಬೈದೆ ನಾನು ನಿಮ್ಗೆ" ಎಂದರು.

ನಾನು ಹೊರಡಲು ತಿರುಗಿದೆ. "ಕೂತ್ಕಳಿ" ಎಂದರು ರೈಟರು. "ಸಾಹುಕಾರ್ರು ಸಂಜೆ ಬರ್ತಾರೆ. ಅವ್ರೆದುರೂ ಹೇಳ್ಬೇಕು."

ಮೂರು ಗಂಟೆ ಕಾಲ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಐದರ ಹೊತ್ತಿಗೆ ಎಸ್ಟೇಟಿನ ಸಾಹುಕಾರರು ಬಂದರು, ಜೊತೆಗೆ ಹಣ್ಣಿನ ಚೀಲ ಹಿಡಿದು ಹೊಸ ರೈಟರೂ ಬಂದಿದ್ದರು. ನಾನು ಎದ್ದು ನಿಂತು ಮೂರನೇ ಸಲ ಹೇಳಿದೆ. ಸಾಹುಕಾರರು ಕೇಳುತ್ತ ಕೇಳುತ್ತ ಮಂಚದ ಕಂಬಿ ಹಿಡಿದುಕೊಂಡರು. "ನಾನೂ ನಂಬ್ಲಿಲ್ಲ ಕಣಯ್ಯ" ಎಂದು ಮೆಲ್ಲಗೆ ರೈಟರಿಗೆ ಹೇಳಿದರು.

ರೈಟರು ಕಣ್ಣು ಮುಚ್ಚಿ ಮಲಗಿದ್ದರು. ಕಣ್ಣಿನ ಎರಡೂ ಬದಿಯಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು.

"ಇನ್ನೊಂದ್ಸಲ ಹೇಳಿ" ಎಂದರು.

ನಾನು ಮೊದಲಿನಿಂದ ಹೇಳಿದೆ.